ಮನೆಯ ದೇವರು, ಮಗನ ದೇವರು

ಬೆಳೆದ ಮಗ ತಾನು ಹುಟ್ಟಿದ ಮನೆಯ ದೇವರನ್ನು ಬಿಟ್ಟು ಬೇರೆ ದೇವರನ್ನು ನಂಬತೊಡಗಿದರೆ ಆ ನಂಬಿಕೆಯ ಬೆಲೆ ತೆರಬೇಕಾದವರು ಯಾರು? ಅವನೇ? ಅವನ ತಾಯಿತಂದೆಗಳೇ? ಮದುವೆಯಾಗಿದ್ದರೆ, ಈ ಯಾವುದನ್ನೂ ಆರಿಸಿಕೊಳ್ಳದೆ ಆ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಗಳೇ? ಮತಾಂತರದ ಮಾತು ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಈ ಪ್ರಶ್ನೆಯನ್ನಲ್ಲ. ಯಾವ ದೇವರು ನಿಜ, ಯಾರು ಯಾರಿಗೆ ಏನು ಆಸೆ ತೋರಿಸಿದರು, ಸರಕಾರ ಏನು ಮಾಡಬೇಕು ಎಂಬಲ್ಲಿಯೇ ನಮ್ಮ ಚರ್ಚೆ ಸುತ್ತುತ್ತಿರುತ್ತದೆ. ಮನೆಯೊಳಗಿನ ಲೆಕ್ಕ ಮನೆಯೊಳಗೇ ಉಳಿದುಬಿಡುತ್ತದೆ. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ತಿಕೋಂಡಿ ಎಂಬ ಊರಿದೆ. ಕಾಸರಗೋಡಿನ ಓದುಗರಿಗೆ ಇದು ದೂರದ ಹೆಸರು. ಆದರೆ ಕಾಸರಗೋಡಿನಂತೆಯೇ 1956ರ ರಾಜ್ಯ ವಿಂಗಡಣೆಯಲ್ಲಿ ಗೆರೆಯ ಆಚೆ ಉಳಿದ ಕನ್ನಡದ ನೆಲ ಇದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಮಳೆ ಕಡಿಮೆ, ನೀರಿನ ಕೊರತೆ ಹೆಚ್ಚು. ದಾನಮ್ಮದೇವಿಯ ಗುಡ್ಡಾಪುರ ಇದೇ ತಾಲ್ಲೂಕಿನಲ್ಲಿದೆ. ಇದೇ ಜಿಲ್ಲೆಯ ಮಿರಜಿನಲ್ಲಿ ಡಾ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಆಸ್ಪತ್ರೆ ಕಟ್ಟಿದರು. ಹೀಗಾಗಿ ಕ್ರೈಸ್ತರ ಹೆಸರು ಈ ಸೀಮೆಗೆ ಹೊಸತೇನೂ ಅಲ್ಲ.

ಇಂಥ ಊರಿನ ಒಂದು ಲಿಂಗಾಯತ ಮನೆಯನ್ನು ಊಹಿಸಿಕೊಳ್ಳೋಣ. ಹಿರಿಮಗ ಪುಣೆಗೆ ಕೆಲಸಕ್ಕೆ ಹೋಗುತ್ತಾನೆ. ಕೋಣೆಯ ಜೊತೆಗಾರ ಕರೆದನೆಂದು ಒಂದು ಭಾನುವಾರ ಪ್ರಾರ್ಥನಾಕೂಟಕ್ಕೆ ಹೋಗುತ್ತಾನೆ. ಹಾಡು, ಪ್ರಾರ್ಥನೆ, ಹೆಸರು ಹಿಡಿದು ವಿಚಾರಿಸುವ ಮಂದಿ ಸಿಗುತ್ತಾರೆ. ಎರಡು ವರ್ಷಗಳಲ್ಲಿ ದೀಕ್ಷಾಸ್ನಾನವೂ ಆಗುತ್ತದೆ. ಊರಿಗೆ ಬಂದವನು ಕೊರಳ ಲಿಂಗವನ್ನು ತೆಗೆದು ದೇವರ ಜಗಲಿಯ ಮೇಲಿಟ್ಟು, "ಯವ್ವಾ, ನಾ ಇನ್ನ ಪೂಜಿಗಿ ಕುಂದ್ರಂಗಿಲ್ಲ" ಎನ್ನುತ್ತಾನೆ. ಅವ್ವ ವಾದ ಮಾಡುವುದಿಲ್ಲ. "ಹಂಗಾದ್ರ ನಾ ಸತ್ರ ಮಣ್ಣ ಯಾರ ಕೊಡಬೇಕೋ?" ಎಂದಷ್ಟೇ ಕೇಳುತ್ತಾಳೆ. ಅಪ್ಪ ಆ ಹೊತ್ತು ಉಣ್ಣುವುದಿಲ್ಲ. ಸಂಜೆಯೊಳಗೆ ಚಿಕ್ಕಪ್ಪಂದಿರು ಬರುತ್ತಾರೆ. ಮರುದಿನ ಊರಿನ ಹಿರಿಯರು.

ಈ ಹುಡುಗನ ನಂಬಿಕೆ ಪರೀಕ್ಷೆಗೆ ಒಳಗಾಗಿದೆ ಎಂದು ಅವನ ಸಭೆಯವರು ಹೇಳುತ್ತಾರೆ. ಅದು ನಿಜವೇ. ಆದರೆ ಆ ಮನೆಯಲ್ಲಿ ಪರೀಕ್ಷೆಗೆ ಕುಳಿತವನು ಅವನೊಬ್ಬನೇ ಅಲ್ಲ.

*

ಕನ್ನಡ ನಾಡಿನಲ್ಲಿ ಈ ಬಗೆಯ ಕಥೆಗೆ ಒಂದು ಪ್ರಸಿದ್ಧವಾದ ಮೊದಲಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1825ರಲ್ಲಿ ಹುಟ್ಟಿದವರು. ಬಾಸೆಲ್ ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗರೇ ಅವರಿಗೆ ದಾರಿ ತೋರಿಸಿದವರು. 1844ರ ಜನವರಿಯಲ್ಲಿ ಕೌಂಡಿನ್ಯರೂ ಅವರ ಜೊತೆಗೆ ಇನ್ನಿಬ್ಬರು ಸಾರಸ್ವತ ಯುವಕರೂ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಕೌಂಡಿನ್ಯರು ತಮ್ಮ ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. 1846ರಲ್ಲಿ ಮೋಗ್ಲಿಂಗರೊಂದಿಗೆ ಯುರೋಪಿಗೆ ಹೋಗಿ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ದೀಕ್ಷಿತ ಪಾದ್ರಿಯಾಗಿ ಮರಳಿದರು. ಮುಂದೆ ಕೊಡಗಿನಲ್ಲಿ ಹೊಲೆಯ ಸಮುದಾಯದಿಂದ ಬಂದ ಕ್ರೈಸ್ತರಿಗಾಗಿ ಒಂದು ನೆಲೆ ಏರ್ಪಟ್ಟಿತು. ಅದಕ್ಕೆ ಕೌಂಡಿನ್ಯರು ತಮ್ಮ ಹಣವನ್ನು ಕೊಟ್ಟರು. ಆ ಊರು ಇಂದಿಗೂ ಅವರ ಹೆಸರಿನಲ್ಲಿ ಆನಂದಪುರವಾಗಿದೆ. 1893ರಲ್ಲಿ ಅವರು ತೀರಿಕೊಂಡರು.

ಕೌಂಡಿನ್ಯರನ್ನು ಯಾರೂ ಆಸೆಗೆ ಬಿದ್ದವರೆಂದು ಹೇಳಲಾರರು. ಅವರು ಪಡೆದುದಕ್ಕಿಂತ ಬಿಟ್ಟದ್ದು ಹೆಚ್ಚು. ಒಂದು ಸಾರಸ್ವತ ಮನೆತನದ ಮಗ ಹೊಲೆಯರ ಊರಿಗಾಗಿ ಹಣ ತೆತ್ತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅವರ ನಂಬಿಕೆಯ ಬಗ್ಗೆ ನನಗೆ ಗೌರವವಿದೆ.

ಆದರೆ ಕೌಂಡಿನ್ಯರಿಗೆ ದೀಕ್ಷೆಗೆ ಮೊದಲೇ ಮದುವೆಯಾಗಿತ್ತು. ಆ ಕಾಲದ ರೀತಿಯಂತೆ ಎಳೆಯ ಹೆಂಡತಿ. ಆಕೆ ಗಂಡನೊಂದಿಗೆ ಹೋಗಲಿಲ್ಲ. 1860ರಲ್ಲಿ ಕೌಂಡಿನ್ಯರು ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಮಂಗಳೂರಿನಲ್ಲಿ ಉಳಿದ ಆ ಹೆಣ್ಣುಮಗಳಿಗೆ ಹತ್ತೊಂಬತ್ತನೆಯ ಶತಮಾನದ ಬ್ರಾಹ್ಮಣ ಸಮಾಜದಲ್ಲಿ ಮರುಮದುವೆಯ ದಾರಿ ಇರಲಿಲ್ಲ. ಗಂಡ ಬದುಕಿದ್ದೂ ಗಂಡನಿಲ್ಲದ ಬಾಳು ಅದು. ಗಂಡನ ನಂಬಿಕೆಗೆ ಬಾಳಿಡೀ ಬೆಲೆ ತೆತ್ತವಳು ಆಕೆ. ಕೌಂಡಿನ್ಯರ ಕಥೆಯನ್ನು ನಾವು ಓದುವುದು ಅವರ ಕಡೆಯಿಂದ. ಆಕೆಯ ಕಡೆಯಿಂದ ಆ ಕಥೆಯನ್ನು ಹೇಳುವ ಪುಸ್ತಕ ನಮ್ಮ ಕೈಯಲ್ಲಿಲ್ಲ.

*

ಕನ್ನಡದಲ್ಲಿ ಇಲ್ಲದ ಆ ಪುಸ್ತಕ ಮರಾಠಿಯಲ್ಲಿದೆ. ಜತ್ತದ ಕನ್ನಡಿಗರಿಗೆ ಮರಾಠಿ ಹೇರಿಕೆಯ ಭಾಷೆಯೂ ಹೌದು, ನೆರೆಯ ಭಾಷೆಯೂ ಹೌದು; ಈ ಪುಸ್ತಕಕ್ಕಾಗಿ ಅದಕ್ಕೆ ಕೃತಜ್ಞರಾಗಿರಬೇಕು. ಕವಿ ನಾರಾಯಣ ವಾಮನ ಟಿಳಕರು ಚಿತ್ಪಾವನ ಬ್ರಾಹ್ಮಣರು. 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದರು. ಹೆಂಡತಿ ಲಕ್ಷ್ಮೀಬಾಯಿ ಆಗ ಇನ್ನೂ ಮೂವತ್ತು ದಾಟದವರು. ಜೊತೆಗೆ ಸಣ್ಣ ಮಗ. ಮಡಿ, ನೀರು, ಒಲೆಯ ಆಚಾರದಲ್ಲಿ ಬೆಳೆದ ಹೆಣ್ಣುಮಗಳಿಗೆ ಗಂಡ ಜಾತಿ ಬಿಟ್ಟನೆಂಬ ಸುದ್ದಿ ಸಾವಿನ ಸುದ್ದಿಗಿಂತ ಕಡಿಮೆಯದಾಗಿರಲಿಲ್ಲ. ಆಕೆ ಪಂಢರಪುರದಲ್ಲಿ ತನ್ನವರ ನಡುವೆ ಉಳಿದರು. ವರ್ಷಗಟ್ಟಲೆ ಗಂಡಹೆಂಡತಿ ಬೇರೆಯಾಗಿದ್ದರು.

ಮುಂದೆ ಆಕೆ ಗಂಡನಿದ್ದ ಅಹಮದನಗರಕ್ಕೆ ಬಂದದ್ದೂ ತನ್ನ ಆಚಾರವನ್ನು ಬಿಡದೆಯೇ. ಅವರ ಅಡಿಗೆ ಬೇರೆ, ನೀರು ಬೇರೆ. ಮನುಷ್ಯರ ನಡುವೆ ಮೇಲುಕೀಳು ಮಾಡಿದವನು ದೇವರಲ್ಲ, ಮನುಷ್ಯನೇ ಎಂದು ಆಕೆಗೆ ತಾನಾಗಿಯೇ ಅನಿಸಿದ ಮೇಲೆ ಮೊದಲು ಬಿಟ್ಟದ್ದು ಜಾತಿಯ ಅಡಿಗೆಯನ್ನು. ದೀಕ್ಷೆ ಆದದ್ದು ಅದರ ಮೇಲೆ, 1900ರಲ್ಲಿ. 1919ರಲ್ಲಿ ಟಿಳಕರು ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ 'ಖ್ರಿಸ್ತಾಯನ' ಮಹಾಕಾವ್ಯವನ್ನು ಬರೆದು ಮುಗಿಸಿದವರು ಲಕ್ಷ್ಮೀಬಾಯಿಯೇ. ತಮ್ಮ ಬಾಳಿನ ಕಥೆಯನ್ನು 'ಸ್ಮೃತಿಚಿತ್ರೆ' ಎಂಬ ಹೆಸರಿನಲ್ಲಿ ಬರೆದರು. ಮರಾಠಿಯ ಶ್ರೇಷ್ಠ ಆತ್ಮಕಥೆಗಳಲ್ಲಿ ಅದು ಒಂದು. ಗಂಡನ ಮೇಲಿನ ಸಿಟ್ಟನ್ನೂ ಪ್ರೀತಿಯನ್ನೂ ನಗೆಯನ್ನೂ ಮರೆಮಾಚದೆ ಬರೆದ ಪುಸ್ತಕ.

ಲಕ್ಷ್ಮೀಬಾಯಿ ಕೊನೆಗೆ ಕ್ರೈಸ್ತರಾದದ್ದು ನನಗೆ ಇಲ್ಲಿ ಮುಖ್ಯವಲ್ಲ. ಆಗದೇ ಇದ್ದಿದ್ದರೂ ನನ್ನ ಮಾತು ಅದೇ ಇರುತ್ತಿತ್ತು. ಮುಖ್ಯವಾದದ್ದು ಒಂದೇ ಸಂಸಾರದಲ್ಲಿ ಎರಡು ಒಲೆ ಉರಿದ ಆ ಕಾಲ. ಗಂಡ ತನ್ನ ದೇವರನ್ನು ಬಿಡಲಿಲ್ಲ, ಹೆಂಡತಿ ತನ್ನ ಮಡಿಯನ್ನು ಬಿಡಲಿಲ್ಲ, ಆದರೂ ಇಬ್ಬರ ನಡುವಿನ ದಾರಿ ಮುಚ್ಚಲಿಲ್ಲ. ಅದು ಸುಖದ ಕಾಲವಾಗಿರಲಿಲ್ಲ. ಆದರೆ ಆಕೆಯ ತೀರ್ಮಾನವನ್ನು ಆಕೆಯೇ ಮಾಡುವಷ್ಟು ಹೊತ್ತು ಆಕೆಗೆ ಸಿಕ್ಕಿತು. ಮಂಗಳೂರಿನ ಆ ಹೆಣ್ಣುಮಗಳಿಗೆ ಸಿಗದೇ ಹೋದದ್ದು ಇದು.

*

ಹುಡುಗನ ಕಡೆಯವರು ಇಲ್ಲಿ ಒಂದು ಮಾತು ಹೇಳಬಹುದು. ತನಗಿಂತ ಹೆಚ್ಚಾಗಿ ತಂದೆತಾಯಿಗಳನ್ನು ಪ್ರೀತಿಸುವವನು ತನಗೆ ತಕ್ಕವನಲ್ಲ ಎಂಬ ಅರ್ಥದ ಮಾತನ್ನು ಯೇಸುವೇ ಹೇಳಿದ್ದಾನಲ್ಲ? ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಅದು ಇದೆ. ಹೊಸದಾಗಿ ನಂಬಿದ ತರುಣರಿಗೆ ಮನೆಯ ವಿರೋಧ ಬಂದಾಗ ಸಭೆಗಳಲ್ಲಿ ಹೇಳಿಕೊಡುವುದೂ ಈ ಭಾಗವನ್ನೇ.

ಆದರೆ ಅದೇ ಪುಸ್ತಕದಲ್ಲಿ ಇನ್ನೂ ಒಂದು ಭಾಗವಿದೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯ. ತಾಯಿತಂದೆಗಳಿಗೆ ಕೊಡಬೇಕಾದುದನ್ನು ದೇವರಿಗೆ ಮೀಸಲು ಮಾಡಿದ್ದೇನೆಂದು ಹೇಳಿ ಅವರನ್ನು ನೋಡಿಕೊಳ್ಳುವ ಹೊಣೆಯಿಂದ ತಪ್ಪಿಸಿಕೊಳ್ಳುವವರ ಮೇಲೆ ಯೇಸು ಅಲ್ಲಿ ಸಿಟ್ಟಾಗುತ್ತಾನೆ. ದೇವರ ಹೆಸರಿನಲ್ಲಿ ತಾಯಿಯ ಅನ್ನವನ್ನು ಕಸಿಯುವುದು ದೇವರ ಆಜ್ಞೆಯನ್ನೇ ಮುರಿದಂತೆ ಎಂಬುದು ಅಲ್ಲಿಯ ತಾತ್ಪರ್ಯ. ಪೌಲನೂ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಹೆಂಡತಿ ನಂಬದವಳಾಗಿದ್ದು ಜೊತೆಯಲ್ಲಿ ಬಾಳಲು ಒಪ್ಪಿದರೆ ನಂಬಿದ ಗಂಡ ಅವಳನ್ನು ಬಿಡಬಾರದೆಂದು ಹೇಳುತ್ತಾನೆ.

ಈ ಎರಡು ಮಾತುಗಳನ್ನು ಜೊತೆಯಲ್ಲಿಟ್ಟು ಓದಿದರೆ ನನಗೆ ಕಾಣುವ ಅರ್ಥ ಇದು: ಯಾವುದು ಸತ್ಯ ಎಂಬ ವಿಷಯದಲ್ಲಿ ಮಗ ತಾಯಿಯ ಮಾತಿಗೆ ಬಗ್ಗಬೇಕಾಗಿಲ್ಲ. ಯಾರಿಗೆ ಅನ್ನ, ಔಷಧಿ, ಆಸರೆ ಕೊಡಬೇಕು ಎಂಬ ವಿಷಯದಲ್ಲಿ ದೇವರ ಹೆಸರು ಹೇಳಿ ತಾಯಿಯನ್ನು ಬಿಡುವಂತಿಲ್ಲ. ತಾನು ಪೂಜೆಗೆ ಕೂರುವುದಿಲ್ಲ ಎನ್ನುವುದು ಅವನ ಹಕ್ಕು. ಊರಿಗೆ ಹಣ ಕಳಿಸುವುದನ್ನು ನಿಲ್ಲಿಸುವುದು, ಅವ್ವನ ದೇವರ ಜಗಲಿಯನ್ನು ಕಾಲಿನಿಂದ ಒದೆಯುವಂಥ ಮಾತಾಡುವುದು, ನೀವೆಲ್ಲ ನರಕಕ್ಕೆ ಹೋಗುತ್ತೀರಿ ಎಂದು ಊಟದ ಹೊತ್ತಿಗೆ ಎಚ್ಚರಿಸುವುದು, ಹೆಂಡತಿಯ ಕೊರಳ ಲಿಂಗವನ್ನು ತಾನೇ ತೆಗೆಸುವುದು, ಇವು ಹಕ್ಕಿನ ಮಾತಲ್ಲ. ತನ್ನ ನಂಬಿಕೆಯ ಬೆಲೆಯನ್ನು ಮನೆಯವರ ತಲೆಗೆ ಕಟ್ಟುವ ಕೆಲಸ.

*

ಇದೇ ನ್ಯಾಯ ಮನೆಯವರಿಗೂ ಅನ್ವಯಿಸಬೇಕು. ಮಗನ ಮೇಲೆ ಬೀಳುವ ಬೆಲೆಯಲ್ಲಿ ಎರಡು ಬಗೆಯಿದೆ. ಒಂದು, ತಾನಾಗಿ ಬರುವುದು. ಜಾತ್ರೆಯಲ್ಲಿ ಅವನು ಒಂಟಿಯಾಗುತ್ತಾನೆ. ಹಬ್ಬದ ದಿನ ಅವ್ವನ ಕಣ್ಣು ತುಂಬುತ್ತದೆ. ತಂಗಿಗೆ ಗಂಡು ನೋಡಲು ಹೋದಾಗ ಬೀಗರಾಗುವವರು ಅಣ್ಣನ ವಿಷಯ ಕೇಳುತ್ತಾರೆ. ಇದನ್ನು ಯಾರೂ ತಪ್ಪಿಸಲಾರರು. ದುಃಖಪಡುವುದು ಮನೆಯವರ ಹಕ್ಕು. ಒಪ್ಪುವುದಿಲ್ಲ ಎನ್ನುವುದೂ, ದಿನವೂ ವಾದ ಮಾಡುವುದೂ ಅವರ ಹಕ್ಕು. ಇನ್ನೊಂದು, ಮನೆಯವರು ಬೇಕೆಂದೇ ಹೇರುವ ದಂಡ. ಬಾಗಿಲು ಹಾಕುವುದು, ಹೊಡೆಯುವುದು, ಹೆಂಡತಿ ಮಕ್ಕಳನ್ನು ತವರಿನಲ್ಲಿ ತಡೆದಿಡುವುದು, ಹೊಲದ ಪಾಲು ಇಲ್ಲವೆನ್ನುವುದು, ಬದುಕಿರುವಾಗಲೇ ಸತ್ತನೆಂದು ಸಾರುವುದು. ಈ ಎರಡನೆಯದು ಪ್ರೀತಿಯಿಂದ ಹುಟ್ಟಿದ್ದೆಂದು ನಾವು ಹೇಳಿಕೊಳ್ಳುತ್ತೇವೆ. ಮಗ ನಮ್ಮವನೆಂಬ ಪ್ರೀತಿಯೇ ಅವನನ್ನು ಹಸಿವಿನಿಂದ ಮಣಿಸುವ ಉಪಾಯವಾದರೆ ಆ ಪ್ರೀತಿಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ಅನ್ನದ ಆಸೆಗೆ ಹೋದವರು ಎಂದು ಹೊಸ ಕ್ರೈಸ್ತರನ್ನು ಹಂಗಿಸುವುದುಂಟು. ಕರಾವಳಿಯಲ್ಲಿ ಕ್ರೈಸ್ತರಾದವರು ಮನೆ, ಜಾತಿ, ಕಸುಬು ಎಲ್ಲವನ್ನೂ ಕಳೆದುಕೊಂಡು ಬೀದಿಗೆ ಬಿದ್ದಾಗ ಅವರಿಗೊಂದು ಹೊಟ್ಟೆಪಾಡು ಬೇಕಾಯಿತು. ಬಾಸೆಲ್ ಮಿಶನ್ ಮಗ್ಗಗಳನ್ನು ಹಾಕಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹೆಂಚೆಂದು ಲೋಕವೆಲ್ಲ ಹೆಸರಾದದ್ದು ಅಲ್ಲಿಂದ. ಕಾಸರಗೋಡಿನಿಂದ ಮಲಬಾರಿನವರೆಗೆ ಎಷ್ಟೋ ಹಳೆಯ ಮನೆಗಳ ಮಾಡಿನ ಮೇಲೆ ಆ ಹೆಂಚು ಕೂತಿತು. ಬಾಗಿಲು ಹಾಕಿದ ಮನೆಗಳಿಗೂ ಮಾಡು ಕಟ್ಟಿದವರಲ್ಲಿ ಬಾಗಿಲಿನಿಂದ ಹೊರಗಾದವರೂ ಇದ್ದರು. ಅವರು ಅನ್ನಕ್ಕಾಗಿ ಹೋದರು ಎನ್ನುವ ಮೊದಲು ಅವರ ಅನ್ನವನ್ನು ಕಿತ್ತವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕಾನೂನು ಈ ಲೆಕ್ಕದಲ್ಲಿ ಬಹಳ ಹಿಂದೆಯೇ ಕೈಹಾಕಿದೆ. ಧರ್ಮ ಬಿಟ್ಟನೆಂದೋ ಜಾತಿಯಿಂದ ಹೊರಗಾದನೆಂದೋ ಯಾರೂ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬಾರದೆಂದು 1850ರ ಕಾಯಿದೆ ಹೇಳಿತು. 1866ರ ಇನ್ನೊಂದು ಕಾಯಿದೆ ಕೌಂಡಿನ್ಯರಂಥವರ ಮದುವೆಯ ಬಗ್ಗೆ ಬಂದದ್ದು. ಕ್ರೈಸ್ತನಾದ ಕಾರಣಕ್ಕೆ ಆರು ತಿಂಗಳ ಕಾಲ ಹೆಂಡತಿ ಬಿಟ್ಟಿದ್ದರೆ ಗಂಡ ಕೋರ್ಟಿಗೆ ಹೋಗಬಹುದಿತ್ತು. ಆದರೆ ನ್ಯಾಯಾಧೀಶರು ಆ ಹೆಂಡತಿಯನ್ನೇ ಕೇಳಬೇಕಿತ್ತು. ಬರುವುದಿಲ್ಲವೆಂದರೂ ಒಂದು ವರ್ಷ ಕಾಯಬೇಕಿತ್ತು. ಮತ್ತೆ ಕೇಳಿದ ಮೇಲೆಯೇ ಮದುವೆ ಮುರಿಯುತ್ತಿತ್ತು. ಹೆಣ್ಣಿನ ಮಾತನ್ನು ಆಕೆಯ ಬಾಯಿಂದಲೇ ಕೇಳಬೇಕು, ಅವಳಿಗೆ ಹೊತ್ತು ಕೊಡಬೇಕು ಎಂಬ ತಿಳಿವಳಿಕೆ ಆ ಶುಷ್ಕ ಕಾಯಿದೆಯಲ್ಲಿದೆ. ಎಷ್ಟೋ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ.

ಸ್ವಾತಂತ್ರ್ಯದ ನಂತರದ ಕಾನೂನುಗಳಲ್ಲೂ ಈ ಬೆಲೆಯ ಗುರುತು ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮತ ಬಿಟ್ಟ ಮಗನ ಪಾಲು ಹೋಗುವುದಿಲ್ಲ. ಆದರೆ ಮತ ಬಿಟ್ಟ ಮೇಲೆ ಹುಟ್ಟಿದ ಅವನ ಮಕ್ಕಳು ಹಿಂದೂಗಳಾಗಿಲ್ಲದಿದ್ದರೆ ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ದಲಿತ ಮನೆಯ ಹುಡುಗನಾದರೆ ಬೆಲೆ ಇನ್ನೂ ಭಾರಿ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಅಂಥ ಮನೆಯ ತಂದೆ ಮಗನನ್ನು ತಡೆದರೆ ಅದನ್ನು ಬರೀ ಕುರುಡು ಸಂಪ್ರದಾಯ ಎನ್ನಲಾಗದು. ಮಗನ ಜಾತಿ ಪ್ರಮಾಣಪತ್ರದ ಜೊತೆಗೆ ಹೋಗುವ ಓದು, ನೌಕರಿ ಅವನ ಕಣ್ಣೆದುರಿಗಿರುತ್ತದೆ. ಮನೆಯ ವಿರೋಧವೆಲ್ಲ ಒಂದೇ ಬಗೆಯದಲ್ಲ; ಅದರೊಳಗೆ ಭಯವೂ ಇರುತ್ತದೆ, ಆ ಭಯಕ್ಕೆ ಕಾರಣಗಳೂ ಇರುತ್ತವೆ.

ಕೇರಳದಲ್ಲಿರುವ ಓದುಗರಿಗೆ ವೈಕಂನ ಹಾದಿಯಾ ಅವರ ಮೊಕದ್ದಮೆ ನೆನಪಿರಬಹುದು. ಅದು ಇಸ್ಲಾಮಿಗೆ ಸೇರಿದ ಹೆಣ್ಣುಮಗಳ ವಿಷಯ. ಆದರೂ ಪ್ರಶ್ನೆ ಇದೇ. 2017ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟು ಆಕೆಯ ಮದುವೆಯನ್ನು ರದ್ದುಮಾಡಿ ತಂದೆತಾಯಿಗಳ ವಶಕ್ಕೆ ಕೊಟ್ಟಿತು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, ಪ್ರಾಯಕ್ಕೆ ಬಂದವರ ನಂಬಿಕೆಯೂ ಬಾಳಸಂಗಾತಿಯ ಆಯ್ಕೆಯೂ ಅವರದೇ ಎಂದಿತು. ಕಾನೂನಿನ ಪ್ರಕಾರ ಅದು ಸರಿಯೆಂದೇ ನನ್ನ ಎಣಿಕೆ. ಆದರೆ ಕೋರ್ಟು ಗೆದ್ದವರು ಯಾರೆಂದು ಹೇಳಬಲ್ಲದು. ಗೆದ್ದ ಮಗಳು ಸೋತ ತಂದೆ ಮುಂದೆ ಹೇಗೆ ಮಾತಾಡಬೇಕೆಂದು ಹೇಳಲಾರದು.

*

ಈ ಪರೀಕ್ಷೆ ಹಿಂದೂ ಮನೆಗಳಿಗೆ ಮಾತ್ರ ಬರುವುದೆಂದು ತಿಳಿಯಬಾರದು. ಮಲಯಾಳಕ್ಕೆ 1872ರಲ್ಲಿ ದೊಡ್ಡ ನಿಘಂಟನ್ನು ಕೊಟ್ಟ ಹರ್ಮನ್ ಗುಂಡರ್ಟ್ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಬಹುಕಾಲ ಇದ್ದವರು; ಅವರೂ ಬಾಸೆಲ್ ಮಿಶನ್ನಿನವರೇ. ಅವರ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವರು. ಆಕೆಯ ಮಗನೇ ಮುಂದೆ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ತಂದೆಯೂ ಭಾರತದಲ್ಲಿ ಮಿಶನರಿಯಾಗಿದ್ದವರು. ಅಂಥ ಮನೆಯಲ್ಲಿ ಹುಟ್ಟಿದ ಹುಡುಗ ಪಾದ್ರಿಯಾಗಬೇಕೆಂದು ಮೌಲ್‌ಬ್ರಾನ್ ಎಂಬಲ್ಲಿಯ ಧಾರ್ಮಿಕ ಶಾಲೆಗೆ ಸೇರಿಸಿದರು. ಹದಿನಾಲ್ಕರ ಹುಡುಗ 1892ರ ಮಾರ್ಚಿನಲ್ಲಿ ಅಲ್ಲಿಂದ ಓಡಿಹೋದ. ಪ್ರಾರ್ಥನೆಯಿಂದ ಗುಣಪಡಿಸುವವರ ಬಳಿ ಬಿಟ್ಟರು. ಅವನು ಸಾಯಲು ಹೊರಟ. ಮನೋರೋಗಿಗಳ ಆಶ್ರಮಕ್ಕೂ ಸೇರಿಸಿದರು. ತಂದೆತಾಯಿಗಳು ಕೆಟ್ಟವರಾಗಿರಲಿಲ್ಲ. ಮಗನ ಆತ್ಮ ಉಳಿಯಲೆಂದೇ ಅವರು ಎಲ್ಲವನ್ನೂ ಮಾಡಿದರು.

ಮಂಗಳೂರಿನಲ್ಲಿ ಕೌಂಡಿನ್ಯರ ಮನೆಯವರು ಯಾವ ಸಂಕಟ ಪಟ್ಟರೋ ಜರ್ಮನಿಯಲ್ಲಿ ಮಿಶನರಿಗಳ ಮನೆಯೇ ಅರ್ಧ ಶತಮಾನದ ನಂತರ ಅಂಥದೇ ಸಂಕಟ ಪಟ್ಟಿತು. ಬೇರೆಯವರ ಮಗ ತನ್ನ ಮನೆಯ ದೇವರನ್ನು ಬಿಟ್ಟು ಬಂದಾಗ ಅದನ್ನು ಧೈರ್ಯವೆಂದು ಹೊಗಳುವುದು ಸುಲಭ. ನಮ್ಮ ಮಗ ನಮ್ಮ ದೇವರನ್ನು ಬಿಟ್ಟಾಗ ಅದೇ ಧೈರ್ಯ ರೋಗದಂತೆ ಕಾಣುತ್ತದೆ. ತಿಕೋಂಡಿಯ ನಮ್ಮ ಹುಡುಗ ಮುಂದೊಂದು ದಿನ ತಂದೆಯಾಗುತ್ತಾನೆ. ಅವನ ಮಗಳು ಭಾನುವಾರದ ಸಭೆಗೆ ಬರುವುದಿಲ್ಲವೆಂದರೆ ಅವನು ಏನು ಮಾಡುತ್ತಾನೆ? ಅವನ ನಂಬಿಕೆಯ ನಿಜವಾದ ಪರೀಕ್ಷೆ ಆ ದಿನ ಎಂದು ನನಗೆ ಅನಿಸುತ್ತದೆ.

*

ನಮ್ಮ ಮನೆಗಳ ದೇವರುಗಳ ಹಿಂದೆಯೂ ಇಂಥ ಕಥೆಗಳೇ ಇವೆ. ಬಾಗೇವಾಡಿಯ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಬಸವಣ್ಣ ಹುಡುಗನಿದ್ದಾಗಲೇ ಜನಿವಾರದ ಕಟ್ಟನ್ನು ಒಪ್ಪದೆ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದನೆಂಬುದು ಪರಂಪರೆ. ಅಕ್ಕಮಹಾದೇವಿ ಅರಮನೆಯನ್ನೂ ಗಂಡನನ್ನೂ ಬಿಟ್ಟು ಹೊರಟವಳು. ಮಾದರಸ ಮಾದಲಾಂಬಿಕೆಯರು ಮಗನಿಗಾಗಿ ಎಷ್ಟು ರಾತ್ರಿ ಅತ್ತರೋ, ಪುರಾಣಗಳು ಅದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಆದರೆ ಎಂಟು ಶತಮಾನಗಳ ನಂತರ ಆ ಮಗನ ನಂಬಿಕೆಯೇ ನಮಗೆ ಮನೆತನದ ಆಚಾರವಾಗಿದೆ. ಒಂದು ಕಾಲದಲ್ಲಿ ಯಾರದೋ ಮಗ ಮನೆ ಬಿಟ್ಟು ಕಂಡುಕೊಂಡದ್ದನ್ನು ನಾವು ಇಂದು ಮನೆ ಬಿಡಬಾರದೆಂದು ಮಗನಿಗೆ ಹೇಳಲು ಬಳಸುತ್ತಿದ್ದೇವೆ. ಹಾಗೆಂದು ಪುಣೆಯ ಪ್ರಾರ್ಥನಾಕೂಟಕ್ಕೆ ಹೋದ ಪ್ರತಿಯೊಬ್ಬ ಹುಡುಗನೂ ಬಸವಣ್ಣ ಎಂದು ನಾನು ಹೇಳುತ್ತಿಲ್ಲ. ಮನೆ ಒಡೆದು ಹೊರಟವನನ್ನು ಆ ದಿನವೇ ಅಳೆಯುವ ಕೋಲು ಯಾರ ಕೈಯಲ್ಲೂ ಇರುವುದಿಲ್ಲ ಎಂದಷ್ಟೇ ನನ್ನ ಮಾತು.

ಗಡಿಯ ಕನ್ನಡಿಗರಾದ ನಮಗೆ ಈ ಪ್ರಶ್ನೆ ಇನ್ನೂ ಒಂದು ಕಡೆಯಿಂದ ಚುಚ್ಚುತ್ತದೆ. ನಮ್ಮ ಮಕ್ಕಳು ಮರಾಠಿ ಅಥವಾ ಮಲಯಾಳ ಶಾಲೆಗೆ ಹೋಗಿ ಕನ್ನಡ ಮರೆಯುತ್ತಾರೆಂಬ ಅಂಜಿಕೆ ನಮ್ಮಲ್ಲಿ ಮೊದಲೇ ಇದೆ. ಅದರ ಮೇಲೆ ದೇವರನ್ನೂ ಬಿಟ್ಟರೆ ಮನೆಯಲ್ಲಿ ಉಳಿಯುವುದೇನು ಎನಿಸುವುದು ಸಹಜ. ಅಲ್ಪಸಂಖ್ಯಾತರ ಮನೆಯಲ್ಲಿ ಒಬ್ಬ ಮಗ ಹೊರಗೆ ಹೋದರೆ ದೊಡ್ಡ ಸಮಾಜಕ್ಕಿಂತ ಹೆಚ್ಚು ನಷ್ಟವಾದಂತೆ ತೋರುತ್ತದೆ. ಆದರೆ ಸಂಖ್ಯೆಯಲ್ಲಿ ಹೆಚ್ಚಿನವರು ನಮ್ಮನ್ನು ಅವರಂತೆ ಆಗಬೇಕೆಂದು ಒತ್ತಾಯಿಸಬಾರದು ಎಂದು 1956ರಿಂದ ಸರಕಾರಗಳ ಮುಂದೆ ಕೇಳುತ್ತ ಬಂದವರು ನಾವು. ಊರಿನಲ್ಲಿ ನಾವು ಕಡಿಮೆ ಮಂದಿ. ಮನೆಯಲ್ಲಿ ಆ ಹುಡುಗ ಒಬ್ಬನೇ. ಕಡಿಮೆ ಮಂದಿಯವರಿಗೆ ನಾವು ಕೇಳುವ ನ್ಯಾಯವನ್ನು ಒಬ್ಬನೇ ಇರುವವನಿಗೆ ಕೊಡದಿದ್ದರೆ ನಮ್ಮ ಬೇಡಿಕೆಯ ಬಲ ಕಡಿಮೆಯಾಗುತ್ತದೆ.

ಭಾಷೆ ಹುಟ್ಟಿನಿಂದ ಬಂದದ್ದು, ಈ ನಂಬಿಕೆ ಅವನೇ ಆರಿಸಿಕೊಂಡದ್ದು, ಎರಡೂ ಹೇಗೆ ಒಂದಾಗುತ್ತವೆ ಎಂದು ಕೇಳಬಹುದು. ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಎರಡೂ ಕಡೆ ಮನುಷ್ಯನ ಒಳಗಿನದನ್ನು ಹೊರಗಿನ ಒತ್ತಡದಿಂದ ಬದಲಾಯಿಸಲು ಹೊರಟರೆ ಸಿಗುವುದು ತೋರಿಕೆ ಮಾತ್ರ. ಹೆದರಿ ಜಗಲಿಯ ಮುಂದೆ ಕುಳಿತ ಮಗನ ಪೂಜೆ ಯಾವ ದೇವರಿಗೂ ಬೇಡ. ಇನ್ನೂ ಒಂದು ಮಾತು: ಆ ಹುಡುಗ ಪ್ರಾರ್ಥನೆ ಮಾಡುವುದೂ ಕನ್ನಡದಲ್ಲೇ ಇರಬಹುದು. ಅವನು ದೇವರನ್ನು ಬದಲಿಸಿದ್ದಾನೆ. ಅವ್ವನ ಮಾತನ್ನು ಇನ್ನೂ ಬದಲಿಸಿಲ್ಲ.

*

ಕೊನೆಗೆ ಅವ್ವ ಕೇಳಿದ ಪ್ರಶ್ನೆಗೆ ಬರಲೇಬೇಕು. ಆಕೆ ಸತ್ತರೆ ಮಣ್ಣು ಯಾರು ಕೊಡಬೇಕು? ಆಕೆಗೆ ದೇವತಾಶಾಸ್ತ್ರದ ಚಿಂತೆಯಿಲ್ಲ. ತನ್ನ ಕೊನೆಯ ಹೊತ್ತಿನಲ್ಲಿ ಮಗ ಮಗನಾಗಿ ನಿಲ್ಲುತ್ತಾನೋ ಇಲ್ಲವೋ ಎಂಬುದಷ್ಟೇ ಆಕೆಯ ಚಿಂತೆ. ಈ ಪ್ರಶ್ನೆಗೆ ಹುಡುಗನೂ ಅವನ ಸಭೆಯವರೂ ತಪ್ಪಿಸಿಕೊಳ್ಳದೆ ಉತ್ತರ ಕೊಡಬೇಕು.

ತನ್ನ ಮನಸ್ಸಿಗೆ ಒಪ್ಪದ ಮಂತ್ರವನ್ನು ಅವನು ಹೇಳಬೇಕಾಗಿಲ್ಲ. ವಿಭೂತಿ ಹಚ್ಚುವ ವಿಧಿ, ಜಂಗಮರು ನಡೆಸುವ ಕ್ರಿಯೆ ತಮ್ಮನ ಕೈಯಿಂದ ಆಗಬಹುದು. ಆದರೆ ಹೆಣ ಹೊರಲು ಹೆಗಲು ಬೇಕು. ಕುಣಿ ತೋಡಲು ಕೈ ಬೇಕು. ಒಂದು ಹಿಡಿ ಮಣ್ಣು ಹಾಕುವುದಕ್ಕೆ ಯಾವ ಮಂತ್ರವೂ ಬೇಕಾಗಿಲ್ಲ. ಲಿಂಗಾಯತರೂ ಮಣ್ಣು ಕೊಡುವವರೇ, ಕ್ರೈಸ್ತರೂ ಮಣ್ಣು ಕೊಡುವವರೇ. "ಯವ್ವಾ, ನಾ ಪೂಜಿ ಮಾಡಂಗಿಲ್ಲ, ಆದ್ರ ನಿನ್ನ ಹೊತಗೊಂಡ ಹೋಗಾಂವ ನಾನ" ಎಂದು ಮಗ ಹೇಳಬಲ್ಲನಾದರೆ ಅವನ ನಂಬಿಕೆಗೆ ಏನೂ ಕುಂದು ಬರುವುದಿಲ್ಲ. ಆ ದಿನ ಅವನನ್ನು ಕುಣಿಯ ಬಳಿಗೆ ಬಿಡುವುದಿಲ್ಲವೆಂದು ಚಿಕ್ಕಪ್ಪಂದಿರು ದಾರಿಗೆ ಅಡ್ಡ ನಿಲ್ಲದಿದ್ದರೆ ಮನೆಯ ಮರ್ಯಾದೆಗೂ ಕುಂದು ಬರುವುದಿಲ್ಲ.

ಇದನ್ನು ಅವ್ವ ಬದುಕಿರುವಾಗಲೇ, ಆಕೆಯ ಎದುರಿನಲ್ಲೇ ಮಾತಾಡಿ ಮುಗಿಸಿಕೊಳ್ಳುವುದು ಒಳ್ಳೆಯದು. ಸತ್ತ ದಿನ ಊರೆಲ್ಲ ನೆರೆದಾಗ ಜಗಳವಾಡಿ ತೀರಿಸಿಕೊಳ್ಳುವ ಲೆಕ್ಕ ಇದಲ್ಲ.